ಹಿಡಿದುಕೊಂಡ ಹಿಂದಿನ ಚಕ್ರ

ತುಂಗಭದ್ರೆಯ ದಂಡೆಯ ಮೇಲೆ ಒಂದು ಸಣ್ಣ ಮಠವಿತ್ತು. ಅದರ ಗುರು ನೀಲವ್ವ ಎಂಬ ಮುದುಕಿ.

ಒಂದು ಕಾಲಕ್ಕೆ ಅಲ್ಲಿ ಪಂಕ್ತಿ ತುಂಬ ಶಿಷ್ಯರು ಕೂರುತ್ತಿದ್ದರು. ಕೆಲವರು ಬೇರೆ ಮಠಗಳಿಗೆ ಹೋದರು. ಕೆಲವರು ತೀರಿಕೊಂಡರು. ಕೊನೆಗೆ ಉಳಿದವನು ಕೊಟ್ರೇಶಿ ಒಬ್ಬನೇ.

ಕೊಟ್ರೇಶಿ ಮೊದಲು ಲಾರಿ ಡ್ರೈವರ್. ಹೆಂಡತಿ ಸತ್ತ ಮೇಲೆ ಮನೆಯಲ್ಲಿ ಕೂರಲಾಗದೆ ಇಲ್ಲಿಗೆ ಬಂದಿದ್ದ. ಭಕ್ತರೊಬ್ಬರು ಕೊಟ್ಟ ಹಳೆಯ ಪಿಕಪ್ ಗಾಡಿ ಓಡಿಸುವುದು, ಕೆಟ್ಟಾಗ ರಿಪೇರಿ ಮಾಡುವುದು, ಹೊತ್ತಿಗೆ ಸರಿಯಾಗಿ ನುಚ್ಚು ಕುದಿಸುವುದು ಅವನ ಕೆಲಸ.

ಒಂದು ಬೆಳಿಗ್ಗೆ ನೀಲವ್ವ ಹೇಳಿದಳು.

“ಹೊಳಿ ಕೆಳಗಿನ ಊರ ಹತ್ತಿರ ನಮ್ಮ ಗುರುಗಳ ಗದ್ದಿಗಿ ಐತಲ್ಲ, ಅಲ್ಲಿಗೆ ನನ್ನ ಬಿಟ್ಟು ಬಾ.”

“ಮತ್ತೆ ಯಾವಾಗ ಕರಕೊಂಡು ಬರಬೇಕು, ಅವ್ವಾರ?”

“ಬರೋದಿಲ್ಲ. ಉಳಿದ ದಿನ ಮಾತು ಬಿಟ್ಟು ಅಲ್ಲೇ ಇರ್ತೀನಿ, ಒಬ್ಬಳೇ. ಊರವರು ಒಂದು ತುತ್ತು ತಂದು ಕೊಡ್ತಾರ.”

“ನಾನು?”

“ನೀನು ಇಲ್ಲಿ ದೀಪ ಹಚ್ಚು.”

ಕೊಟ್ರೇಶಿ ಅವಳ ಚಾಪೆ, ತಂಬಿಗೆ, ಬಟ್ಟೆಯ ಗಂಟು ಗಾಡಿಗೆ ಹಾಕಿದ.

ಊರಿನ ಅಗಸಿ ಬಾಗಿಲು ದಾಟಿ ಸ್ವಲ್ಪ ದೂರ ಹೋಗಿದ್ದರಷ್ಟೆ, ಗಾಡಿ ಭಾರವಾಯಿತು. ಎಕ್ಸಿಲರೇಟರ್ ಮೇಲಿಂದ ಕಾಲು ತೆಗೆದರೆ ಹಿಂದಿನಿಂದ ಯಾರೋ ಜಗ್ಗಿದಂತೆ ನಿಲ್ಲುತ್ತಿತ್ತು. ಸುಟ್ಟ ವಾಸನೆ ಬಂತು.

ಇಳಿದು ನೋಡಿದ. ಎಡಗಡೆಯ ಹಿಂದಿನ ಚಕ್ರದ ಹತ್ತಿರ ಕೈ ಒಯ್ಯುವ ಮೊದಲೇ ಝಳ ಬಡಿಯಿತು.

“ಬ್ರೇಕ್ ಹಿಡಕೊಂಡೈತಿ, ಅವ್ವಾರ. ಬಿಡವಲ್ದು.”

“ಹಂಗಾದ್ರ ತಿರುಗಿಸು. ಸರಿ ಮಾಡಿದ ಮ್ಯಾಲೆ ಹೋಗೋಣ.”

ಮೆಲ್ಲಗೆ ಮಠಕ್ಕೆ ಮರಳಿದರು. ಅಂದು ಇಬ್ಬರೂ ಅಲ್ಲೇ ಉಂಡರು.

ಮರುದಿನ ಕೊಟ್ರೇಶಿ ಬೇವಿನ ನೆರಳಲ್ಲಿ ಗಾಡಿಗೆ ಜಾಕ್ ಕೊಟ್ಟು, ಚಕ್ರ ಬಿಚ್ಚಿ, ಡ್ರಮ್ ತೆಗೆದ. ನೀಲವ್ವ ಪಕ್ಕದಲ್ಲಿ ಚಾಪೆ ಹಾಸಿ ಕೂತಳು. ಡ್ರಮ್ಮನ್ನು ಒಳಗಿನಿಂದ ಒತ್ತಿ ಹಿಡಿಯುವ ಬ್ರೇಕ್ ಶೂಗಳು ಸುಟ್ಟು ಗಾಜಿನಂತೆ ಹೊಳೆಯುತ್ತಿದ್ದವು.

“ಇವೇ ನೋಡ್ರಿ,” ಅಂದ. ಬಸ್ಸು ಹತ್ತಿ ಪೇಟೆಗೆ ಹೋಗಿ ಹೊಸ ಶೂ ತಂದು ಹಾಕಿದ.

ಗಾಡಿ ಅಗಸಿಯವರೆಗೆ ಹೋಗಿ ಬಂತು. ಮತ್ತೆ ಅದೇ ವಾಸನೆ.

“ಸುಟ್ಟದ್ದನ್ನ ಬದಲು ಮಾಡಿದಿ,” ಅಂದಳು ನೀಲವ್ವ. “ಸುಡೋದು ಯಾವುದು?”

ಕೊಟ್ರೇಶಿ ನೆಲ ನೋಡಿದ. “ಶೂ ಹಿಂದಕ್ಕ ಎಳೆಯೋ ಸ್ಪ್ರಿಂಗ್ ಇರಬೇಕು.”

ಸ್ಪ್ರಿಂಗ್ ಬದಲಾಯಿಸಿದ. ಚಕ್ರ ಬಿಡಲಿಲ್ಲ.

“ಸಿಲಿಂಡರ್ ಇರಬೇಕು.”

ಪೆಡಲ್ ತುಳಿದಾಗ ಶೂಗಳನ್ನು ತಳ್ಳುವ ಪುಟ್ಟ ಸಿಲಿಂಡರ್ ಅದು. ಬಿಚ್ಚಿ ಅದರ ರಬ್ಬರ್ ಬದಲಾಯಿಸಿದ. ಇನ್ನು ಪೈಪಿನಲ್ಲಿ ಸೇರಿದ ಗಾಳಿ ತೆಗೆಯಬೇಕು. ಅದಕ್ಕೆ ಇನ್ನೊಬ್ಬರು ಪೆಡಲ್ ತುಳಿಯಬೇಕು. ಇನ್ನೊಬ್ಬರು ಯಾರೂ ಇರಲಿಲ್ಲ.

ನೀಲವ್ವ ಸೀರೆ ಎತ್ತಿ ಕಟ್ಟಿ ಡ್ರೈವರ್ ಸೀಟು ಹತ್ತಿದಳು.

“ಒತ್ರಿ, ಅವ್ವಾರ.”

“ಒತ್ತೀನಿ.”

“ಬಿಡ್ರಿ.”

“ಬಿಟ್ಟೀನಿ.”

ಬಹಳ ಹೊತ್ತು ಆ ದಂಡೆಯ ಮೇಲೆ ಅದೊಂದೇ ಮಾತು ಕೇಳುತ್ತಿತ್ತು. ಗಾಳಿಯೆಲ್ಲ ಹೋದ ಮೇಲೂ ಕೊಟ್ರೇಶಿ ಇನ್ನೂ ಸ್ವಲ್ಪ ಹೊತ್ತು “ಒತ್ರಿ” ಅನ್ನುತ್ತಲೇ ಇದ್ದ.

ಚಕ್ರ ಆಗಲೂ ಬಿಡಲಿಲ್ಲ.

ಹೀಗೆ ಕೆಲವು ದಿನ ಹೋದವು. ಬಿಚ್ಚುವುದು, ಒರೆಸುವುದು, ಜೋಡಿಸುವುದು. ಹೊತ್ತು ಮುಳುಗಿದರೆ ಇಬ್ಬರೂ ಎದುರುಬದುರು ಕೂತು ನುಚ್ಚು ಉಣ್ಣುವುದು.

ಒಂದು ಮುಂಜಾನೆ ನೀಲವ್ವ ಕೇಳಿದಳು.

“ಹಿಂದಿನ ಚಕ್ರಕ್ಕ ಬ್ರೇಕು ಎಷ್ಟು ದಾರಿಯಿಂದ ಬರ್ತೈತಿ?”

“ಎರಡು. ಕಾಲಿಂದೊಂದು, ಕೈಯಿಂದೊಂದು.”

“ನಾನು ಒತ್ತಿದ್ದು ಕಾಲಿಂದು. ಆ ದಾರಿ ಪೂರ್ತಿ ನೋಡಿದಿ. ಕೈಯಿಂದು?”

ಕೊಟ್ರೇಶಿ ಸ್ಪ್ಯಾನರ್ ನೆಲಕ್ಕಿಟ್ಟ.

“ಬಿಚ್ಚು ಅದನ್ನ.”

ಅವನು ಜಾಕ್ ಮೇಲಿದ್ದ ಗಾಡಿಯ ಕೆಳಗೆ ತೂರಿ, ಹ್ಯಾಂಡ್ ಬ್ರೇಕಿನ ತಂತಿಯನ್ನು ಕೊಕ್ಕೆಯಿಂದ ಕಳಚಿದ. ನೀಲವ್ವ ಎದ್ದು ಬಂದು ಚಕ್ರಕ್ಕೆ ಅಂಗೈ ಹಚ್ಚಿ ನೂಕಿದಳು.

ಅವನು ಎರಡೂ ಕೈಯಿಂದ ತಿರುವಿದರೂ ಕದಲದ ಚಕ್ರ ಸದ್ದಿಲ್ಲದೆ ತಿರುಗಿತು. ಅದು ತಾನಾಗಿ ನಿಲ್ಲುವವರೆಗೆ ಇಬ್ಬರೂ ನೋಡಿದರು.

ತಂತಿ ತನ್ನ ಕೊಳವೆಯೊಳಗೇ ತುಕ್ಕು ಹಿಡಿದಿತ್ತು. ಎಳೆದರೆ ಹೋಗುತ್ತಿತ್ತು. ಬಿಟ್ಟರೆ ಮರಳುತ್ತಿರಲಿಲ್ಲ.

“ಹೊಸಾದು ತರಾಕ ಪೇಟಿಗೆ ಹೋಗಬೇಕೇನು?” ಅಂತ ಕೇಳಿದಳು.

ಕೊಟ್ರೇಶಿ ಹೊರಗೆ ಬಂದ. ಸೀಟು ಮುಂದಕ್ಕೆ ಬಗ್ಗಿಸಿ, ಅದರ ಹಿಂದಿನಿಂದ ಪ್ಲಾಸ್ಟಿಕ್ಕಿನಲ್ಲಿ ಸುತ್ತಿದ ಹೊಸ ತಂತಿ ತೆಗೆದ.

“ಯಾವಾಗ ತಂದಿ?”

“ಶೂ ತಂದ ದಿನ.”

ನೀಲವ್ವ ತಂತಿಯನ್ನು ಕೈಗೆ ತೆಗೆದುಕೊಂಡು ನೋಡಿದಳು.

“ಮೊದಲ ಸಲ ಚಕ್ರ ಬಿಚ್ಚಿದಾಗ ಹ್ಯಾಂಡ್ ಬ್ರೇಕ್ ಲಿವರ್ ಇಳಿಸಿದ್ರೂ ತಂತಿ ಹಿಂದಕ್ಕ ಬರಲಿಲ್ಲ, ಅವ್ವಾರ. ಆವಾಗ್ಲೇ ಗೊತ್ತಾಗಿತ್ತು.”

“ಮತ್ತ್ಯಾಕ ಹಾಕಲಿಲ್ಲ?”

“ಹಾಕಿದ್ರ ನೀವು ಹೋಗ್ತಿದ್ರಿ.”

ಕೊಟ್ರೇಶಿಯ ಕಣ್ಣು ತುಂಬಿದ್ದವು. ಕೈ ಮಸಿಯಾಗಿದ್ದರಿಂದ ಒರೆಸಿಕೊಳ್ಳಲಾಗಲಿಲ್ಲ. ನೀಲವ್ವ ತನ್ನ ಸೆರಗಿನಿಂದ ಒರೆಸಿದಳು. ಆಮೇಲೆ ನೆಲದ ಮೇಲಿದ್ದ ಸ್ಪ್ಯಾನರ್ ಎತ್ತಿ ಅವನ ಕೈಗೆ ಕೊಟ್ಟಳು.

ಮಧ್ಯಾಹ್ನ ಹೊರಟರು. ದಾರಿಯಲ್ಲಿ ಒಮ್ಮೆ ಗಾಡಿ ನಿಲ್ಲಿಸಿ, ಇಳಿದು, ಡ್ರಮ್ ಮುಟ್ಟಿ ನೋಡಿದ. ಬಿಸಿಯಾಗಿರಲಿಲ್ಲ. ಆಗಿದ್ದರೆ ಚೆನ್ನಾಗಿತ್ತು ಅನ್ನಿಸಿತು. ಹಾಗನ್ನಿಸಿದ್ದಕ್ಕೆ ನಾಚಿಕೆಯೂ ಆಯಿತು.

ಗದ್ದಿಗೆಯ ಬಳಿ ಒಂದೇ ಖೋಲಿಯ ಕಲ್ಲಿನ ಮನೆ. ಎದುರಿಗೆ ಹೊಳೆ. ಆಚೆ ದಂಡೆ ಬಹಳ ದೂರ.

ಕೊಟ್ರೇಶಿ ಕಸ ಗುಡಿಸಿದ. ಚಾಪೆ ಹಾಸಿದ. ತಂಬಿಗೆಯಲ್ಲಿ ನೀರು ತುಂಬಿಟ್ಟ. ಮಾಡಲು ಮತ್ತೇನೂ ಉಳಿಯಲಿಲ್ಲ. ನೀಲವ್ವನ ಕಾಲಿಗೆ ಬಿದ್ದು ಎದ್ದ.

“ಒಂದು ಕೇಳ್ಲೇನ್ರಿ, ಅವ್ವಾರ?”

“ಕೇಳು. ಬಾಗಿಲು ಹಾಕಿದ ಮ್ಯಾಲೆ ಮಾತಿಲ್ಲ.”

“ನಿಮಗ ಗಾಡಿ ಕೆಲಸ ಗೊತ್ತಿಲ್ಲ. ನಾನು ಬೇಕಂತಲೇ ತಡ ಮಾಡ್ತೀನಿ ಅಂತ ಹೆಂಗ ತಿಳೀತು?”

“ಹುಡುಕೋ ಕೈಗೆ ಅವಸರ ಇರ್ತೈತಿ. ನಿನ್ನ ಕೈಗೆ ಇರಲಿಲ್ಲ.”

“ಯಾವತ್ತು ತಿಳೀತು?”

“ಮೊದಲನೇ ದಿನ.”

“ಹಂಗಾದ್ರ ಅವತ್ತೇ ಯಾಕ ಹೇಳಲಿಲ್ರಿ?”

ನೀಲವ್ವ ಬಾಗಿಲಿನ ಮೇಲೆ ಕೈಯಿಟ್ಟು ಹೊಳೆಯನ್ನು ನೋಡಿದಳು. ಆಮೇಲೆ ಅವನನ್ನು ನೋಡಿದಳು.

“ನನಗೂ ಅವಸರ ಇರಲಿಲ್ಲ, ಕೊಟ್ರೇಶಿ.”