ಅಂಗೈಗೆ ಕೇಳಿದ ತಾಳ

ಶಿಷ್ಯನೊಬ್ಬ ಗುರುವಿನ ಬಳಿಗೆ ಬಂದು ಕೇಳಿದ:

"ಗುರುಗಳೇ, ಮುಂದಿನ ತಿಂಗಳಿಂದ ನಾನು ಪ್ರವಚನ ಹೇಳಬೇಕು. ನನ್ನ ಧ್ವನಿ ಸಣ್ಣದು. ಓದಿದ್ದೂ ಕಡಿಮೆ. ಅರ್ಧ ಗಂಟೆ ಮಾತಾಡಿದರೆ ಒಳಗೆ ಏನೂ ಉಳಿದಿರುವುದಿಲ್ಲ. ಎಷ್ಟು ಶಕ್ತಿ ಕೂಡಿಸಿಕೊಂಡರೆ ಸಾಕಾದೀತು?"

ಗುರು ಅವನನ್ನು ಎದುರಿಗೆ ಕೂರಿಸಿಕೊಂಡು ಹೇಳಿದರು:

ಒಂದು ಊರಿನಲ್ಲಿ ದ್ಯಾಮಣ್ಣನೆಂಬ ಬಾಡಿಗೆ ಕಾರಿನ ಚಾಲಕನಿದ್ದ. ಅವನ ತಾಯಿ ತಿಪ್ಪವ್ವ. ಊರಿನ ಯಾವ ಮದುವೆಯಲ್ಲೂ ಅರಿಶಿನ ಹಚ್ಚುವಾಗ ಹಾಡು ಎತ್ತಿಕೊಡುತ್ತಿದ್ದವಳು ಅವಳೇ. ವಯಸ್ಸಾದ ಮೇಲೆ ಅವಳಿಗೆ ಕಿವಿ ಕೇಳಿಸದಾಯಿತು. ಒಂದು ಮದುವೆಯಲ್ಲಿ ಅವಳು ಮೊದಲ ಸಾಲು ಹಾಡುತ್ತಿದ್ದಾಗ ಉಳಿದ ಹೆಂಗಸರು ಮೂರನೆಯ ಸಾಲಿನಲ್ಲಿದ್ದರು. ಯಾರೋ ನಕ್ಕರು. ಆ ನಗು ಅವಳಿಗೆ ಕೇಳಿಸಲಿಲ್ಲ, ಕಾಣಿಸಿತು. ಆಮೇಲೆ ಆರು ವರ್ಷ ಅವಳು ಹಾಡಲಿಲ್ಲ.

ದ್ಯಾಮಣ್ಣನ ಮಗಳು ಸುಮಿತ್ರೆಗೆ ಮದುವೆ ಗೊತ್ತಾಯಿತು. "ಅಜ್ಜಿ ಹಾಡಿದರೇನೇ ನಾನು ಅರಿಶಿನಕ್ಕೆ ಕೂರುವುದು," ಎಂದು ಅವಳು ಸನ್ನೆ ಮಾಡಿ ಹಟ ಹಿಡಿದಳು. ತಿಪ್ಪವ್ವ ಬೇಡವೆಂದು ಕೈಯಾಡಿಸಿ ಒಳಗೆ ಹೋದಳು.

ಒಂದು ದಿನ ದ್ಯಾಮಣ್ಣ ತಾಯಿಯನ್ನು ಸಂತೆಗೆ ಕರೆದುಕೊಂಡು ಹೋಗಿದ್ದ. ಅಲ್ಲಿ ನಾಟಕದ ಪ್ರಚಾರದ ಜೀಪು ದೊಡ್ಡದಾಗಿ ಹಾಡು ಹಾಕಿಕೊಂಡು ನಿಂತಿತ್ತು. ದಾಟುವಾಗ ತಿಪ್ಪವ್ವ ಆಸರೆಗೆಂದು ಅದರ ಬಾಗಿಲ ಮೇಲೆ ಅಂಗೈ ಇಟ್ಟಳು. ಇಟ್ಟ ಕೈ ತೆಗೆಯಲೇ ಇಲ್ಲ. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ತೊಡೆಯ ಮೇಲೆ ತಾಳ ಹಾಕತೊಡಗಿತು. ತಾಳ ಒಂದು ಕಡೆಯೂ ತಪ್ಪಲಿಲ್ಲ.

ದ್ಯಾಮಣ್ಣ ಅದನ್ನು ನೋಡಿದ. ಮರುವಾರವೇ ತನ್ನ ಕಾರಿಗೆ ದೊಡ್ಡ ಆಂಪ್ಲಿಫೈಯರನ್ನೂ ಎದೆ ನಡುಗಿಸುವ ಬೇಸ್ ಸ್ಪೀಕರನ್ನೂ ಕೂರಿಸಿದ. ಡೋಲು ಬಾರಿಸುವ ಗೆಳೆಯನಿಂದ ಅರಿಶಿನದ ಹಾಡುಗಳ ತಾಳವನ್ನು ಬಾರಿಸಿಸಿ ಮೊಬೈಲಿನಲ್ಲಿ ತುಂಬಿಕೊಂಡ.

ಎಂಜಿನ್ ಶುರು ಮಾಡಿ, ತಾಳ ಹಾಕಿ, ತಾಯಿಯ ಕೈಯನ್ನು ಬಾಗಿಲ ಮೇಲಿಟ್ಟ. "ಬರೀ ಗಡಗಡ ಅನ್ನುತ್ತದಪ್ಪಾ," ಎಂದಳು ಅವಳು. ಅದು ಹಳೆಯ ಡೀಸೆಲ್ ಕಾರು. ಡೋಲಿನ ಪೆಟ್ಟು ಎಂಜಿನ್ನಿನ ನಡುಕದಲ್ಲಿ ಮುಳುಗಿಹೋಗಿತ್ತು. ಅವನು ಎಂಜಿನ್ ನಿಲ್ಲಿಸಿದ. ಮುದುಕಿಯ ಮುಖ ಅರಳಿತು. ಆದರೆ ಎರಡು ಹಾಡಿನ ತಾಳ ಮುಗಿಯುವಷ್ಟರಲ್ಲಿ ಡೋಲು ಕುಂದಿತು, ನಿಂತಿತು. ಕೀಲಿ ತಿರುಗಿಸಿದರೆ ಕಾರು ಟಕ್ ಟಕ್ ಎಂದಿತೇ ಹೊರತು ಶುರುವಾಗಲಿಲ್ಲ. ನೆರೆಯವರು ಬಂದು ತಳ್ಳಿದರು. ಮರುದಿನವೂ ತಳ್ಳಿದರು. ಅದರ ಮರುದಿನ ತಳ್ಳಿದರೂ ಪ್ರಯೋಜನವಾಗಲಿಲ್ಲ.

ಅರಿಶಿನದ ಹಾಡುಗಳು ಮುಗಿಯಲು ಮುಕ್ಕಾಲು ಗಂಟೆ ಬೇಕು. ಮದುವೆಗೆ ನಾಲ್ಕೇ ದಿನ ಉಳಿದಿತ್ತು. ಅವನು ಹೇಗೋ ಕಾರನ್ನು ಎಳೆಸಿಕೊಂಡು ಖಾದರಸಾಬನ ಬ್ಯಾಟರಿ ಅಂಗಡಿಗೆ ಬಂದ.

"ಖಾದರಣ್ಣ, ಅಂಗಡಿಯಲ್ಲಿ ಎಲ್ಲಕ್ಕಿಂತ ದೊಡ್ಡ ಬ್ಯಾಟರಿ ಯಾವುದೋ ಅದನ್ನು ಕೊಡು. ಲಾರಿಯದ್ದಾದರೂ ಸರಿ."

ಖಾದರಸಾಬ ಯಾವ ಬ್ಯಾಟರಿಯನ್ನೂ ಮುಟ್ಟಲಿಲ್ಲ, ಕಾರಿನೊಳಗಿನ ದೊಡ್ಡ ಸ್ಪೀಕರನ್ನು ನೋಡಿದ. "ಹಾಡು ಹಾಕುವಾಗ ಎಂಜಿನ್ ಓಡುತ್ತಿರುತ್ತದೋ, ನಿಂತಿರುತ್ತದೋ?" ಎಂದು ಕೇಳಿದ.

"ನಿಂತಿರಬೇಕು. ಅವ್ವನ ಕೈಗೆ ತಾಳ ಸಿಗಬೇಕಲ್ಲ."

ಖಾದರಸಾಬನಿಗೆ ಅರ್ಥವಾಗಲಿಲ್ಲ. ದ್ಯಾಮಣ್ಣ ಎಲ್ಲವನ್ನೂ ಹೇಳಿದ. ಕೇಳಿ ಮುಗಿಸಿದ ಮೇಲೆ ಖಾದರಸಾಬ ಎದ್ದು ಕಾರಿನ ಬಾನೆಟ್ ಎತ್ತಿದ. ಬ್ಯಾಟರಿ ಕೂರುವ ಜಾಗವನ್ನು ಗೇಣಿನಿಂದ ಅಳೆದ.

"ಲಾರಿಯದ್ದು ಇಲ್ಲಿ ಹಿಡಿಸುವುದಿಲ್ಲ," ಎಂದ. "ಹಿಡಿಸಿದರೂ ನಿನ್ನ ಕಾರು ಅದನ್ನು ತುಂಬಿಸುವಷ್ಟರಲ್ಲಿ ಮದುಮಗಳು ಗಂಡನ ಮನೆ ಸೇರಿರುತ್ತಾಳೆ. ನಿನ್ನ ಹಳೆಯದು ಕಾರು ಎಬ್ಬಿಸುವುದಕ್ಕೆ ಮಾಡಿದ್ದು. ಒಂದು ಸಲ ಜೋರಾಗಿ ಕೊಟ್ಟು ಸುಮ್ಮನಾಗುತ್ತದೆ. ಅದನ್ನು ಪೂರ್ತಿ ಹಿಂಡಿದರೆ ಸತ್ತೇ ಹೋಗುತ್ತದೆ. ನಿನಗೆ ನಿಧಾನವಾಗಿ ಬಹಳ ಹೊತ್ತು ಕೊಡುವಂಥದ್ದು ಬೇಕು. ಬರಿದಾದರೂ ಮತ್ತೆ ತುಂಬಿಕೊಳ್ಳುವಂಥದ್ದು."

ಅಂಥದ್ದೊಂದನ್ನು ಅವನು ಒಳಗಿನಿಂದ ಹೊತ್ತು ತಂದ. ನೋಡಲು ಹಳೆಯದರಷ್ಟೇ ಇತ್ತು, ಎತ್ತಲು ಭಾರವಾಗಿತ್ತು. ಆಂಪ್ಲಿಫೈಯರಿಗೆ ಹೋಗುವ ಸಣ್ಣ ವೈರು ಕಿತ್ತು ದಪ್ಪ ವೈರು ಎಳೆದ. "ಹಾಡು ಹಾಕುವ ಮುನ್ನ ಒಂದು ಗಂಟೆ ಕಾರು ಓಡಿಸಿಕೊಂಡು ಬಾ," ಎಂದ. ದ್ಯಾಮಣ್ಣ ಹೊರಟಾಗ ಕೂಗಿ ಹೇಳಿದ: "ಅರಿಶಿನಕ್ಕೆ ನಾನೂ ಬರುತ್ತೇನೆ. ಆ ಕೈಯನ್ನು ನೋಡಬೇಕು."

ಅರಿಶಿನದ ದಿನ ಬೆಳಿಗ್ಗೆ ದ್ಯಾಮಣ್ಣ ಬಸ್ ನಿಲ್ದಾಣದಿಂದ ನೆಂಟರನ್ನು ನಾಲ್ಕು ಸಲ ಕರೆತಂದ. ಆಮೇಲೆ ಕಾರನ್ನು ಹಂದರದ ಪಕ್ಕಕ್ಕೆ ತಂದು ಎಂಜಿನ್ ನಿಲ್ಲಿಸಿದ. ತಿಪ್ಪವ್ವನನ್ನು ಮುಂದಿನ ಸೀಟಿನಲ್ಲಿ ಕೂರಿಸಿದ. ಅವಳು ಬಾಗಿಲಿಗೆ ಅಂಗೈ ಒತ್ತಿ ಕಣ್ಣು ಮುಚ್ಚಿದಳು. ಹೆಂಗಸರೆಲ್ಲ ಮಾತು ನಿಲ್ಲಿಸಿದರು.

ಡೋಲು ಶುರುವಾಯಿತು. ತಿಪ್ಪವ್ವ ನಾಲ್ಕು ಪೆಟ್ಟು ಬಿಟ್ಟಳು. ಐದನೆಯದಕ್ಕೆ ಹಾಡು ಎತ್ತಿದಳು.

ಧ್ವನಿ ಒಡೆದಿತ್ತು. ತಾಳ ಸರಿಯಾಗಿತ್ತು. ಹೆಂಗಸರು ಹಾಡನ್ನು ಹಿಡಿದುಕೊಂಡರು. ಸುಮಿತ್ರೆ ಮಣೆಯ ಮೇಲೆ ಕೂತು ಅರಿಶಿನ ಮೆತ್ತಿದ ಮುಖದಲ್ಲೇ ನಕ್ಕಳು, ನಗುತ್ತಲೇ ಅತ್ತಳು. ಎರಡು ಹಾಡು ಮುಗಿದವು. ಮೂರನೆಯದು ಶುರುವಾದಾಗ ದ್ಯಾಮಣ್ಣ ಉಸಿರು ಬಿಗಿಹಿಡಿದು ಸ್ಪೀಕರಿನ ಕಡೆ ನೋಡಿದ. ಡೋಲು ಕುಂದಲಿಲ್ಲ. ಐದಾಯಿತು, ಎಂಟಾಯಿತು. ಖಾದರಸಾಬ ಕಾರಿನ ಹಿಂದೆ ನಿಂತು ಡಿಕ್ಕಿಯ ಮೇಲೆ ತಾನೂ ಬೆರಳಾಡಿಸುತ್ತಿದ್ದ.

ಹಾಡುಗಳ ಸರದಿ ಮುಗಿಯಿತು. ತಿಪ್ಪವ್ವ ಮುಗಿಸಲಿಲ್ಲ. ಬೀಗಿತ್ತಿಯನ್ನು ಕೆಣಕುವ ಹಳೆಯ ಹಾಡೊಂದನ್ನು ಎತ್ತಿದಳು. ಅದು ಹರೆಯದವರಿಗೆ ಗೊತ್ತಿರಲಿಲ್ಲ. ಬೀಗಿತ್ತಿಗೆ ಗೊತ್ತಿತ್ತು! ಅವಳು ಸೆರಗು ಸಿಕ್ಕಿಸಿಕೊಂಡು ಎದ್ದು ನಿಂತು ತಿರುಗಿ ಹಾಡಿದಳು. ಹಂದರ ಪೂರ್ತಿ ನಕ್ಕಿತು. ದ್ಯಾಮಣ್ಣ ನಕ್ಕು ನಕ್ಕು ಕಾರಿಗೆ ಒರಗಿದ.

ಗುರು ಕತೆ ನಿಲ್ಲಿಸಿದರು.

ಶಿಷ್ಯನ ಮುಖ ಗೆಲುವಾಗಿತ್ತು. "ತಿಳಿಯಿತು ಗುರುಗಳೇ," ಎಂದ. "ನಿಧಾನವಾಗಿ, ಬಹಳ ಹೊತ್ತು ಕೊಡುವ ಶಕ್ತಿಯನ್ನು ನಾನು ಕೂಡಿಸಿಕೊಳ್ಳಬೇಕು."

"ದ್ಯಾಮಣ್ಣ ಬ್ಯಾಟರಿ ಹುಡುಕಿದ್ದು ಅವ್ವನ ಸಲುವಾಗಿ ತಮ್ಮಾ, ನೀನು ಯಾರ ಸಲುವಾಗಿ ಮಾತಾಡುತ್ತೀ?" ಎಂದರು ಗುರು.