ಹೆಸರುಗಳ ಕೆಳಗಿನ ಜಾಗ

"ಗುರುಗಳೇ, ಕೆಟ್ಟದ್ದು ಬರುವ ಮೊದಲೇ ಅದಕ್ಕೊಂದು ಜಾಗ ಮಾಡಿಟ್ಟುಕೊಳ್ಳುವುದು ಜಾಣತನವಲ್ಲವೇ?" ಎಂದು ಶಿಷ್ಯ ಕೇಳಿದ.

ಗುರುಗಳು ಅವನ ಕಂಕುಳಲ್ಲಿದ್ದ ಕೊಡೆಯನ್ನು ನೋಡಿದರು. ಸಂಜೆಯಾಗಿತ್ತು. ಆಕಾಶದಲ್ಲಿ ಒಂದು ಮೋಡವೂ ಇರಲಿಲ್ಲ.

"ಕೊಡೆಯ ಮಟ್ಟಿಗೆ ಹೌದು. ಮಳೆ ಬಾರದಿದ್ದರೆ ಕೊಡೆಗೆ ಬೇಸರವಿಲ್ಲ, ನಿನಗೂ ನಷ್ಟವಿಲ್ಲ. ಎಲ್ಲದಕ್ಕೂ ಅದೇ ಲೆಕ್ಕ ಹಾಕಬೇಡ. ಕೂತುಕೋ, ಒಂದು ಊರಿನ ಕತೆ ಹೇಳುತ್ತೇನೆ" ಎಂದು ಶುರು ಮಾಡಿದರು.

ಅದೊಂದು ಸಣ್ಣ ಊರು. ಹೊಲವಿದ್ದವರು ಹೊಲಕ್ಕೆ, ಇಲ್ಲದವರು ಸೈನ್ಯಕ್ಕೆ ಹೋಗುವುದು ಅಲ್ಲಿಯ ರೂಢಿ. ಹಾಗೆ ಸೈನ್ಯಕ್ಕೆ ಹೋದವರಲ್ಲಿ ಆರು ಮಂದಿ ಯುದ್ಧದಲ್ಲಿ ತೀರಿಕೊಂಡರು. ಅವರ ನೆನಪಿಗೆಂದು ಊರಿನಲ್ಲಿ ಏನೂ ಇರಲಿಲ್ಲ. ಪಕ್ಕದ ಊರಿನವರು ತಮ್ಮ ಸೈನಿಕರಿಗೆ ಒಂದು ಕಲ್ಲು ನಿಲ್ಲಿಸಿದ ಮೇಲೆ ಈ ಊರಿಗೂ ಎಚ್ಚರವಾಯಿತು. ನಗಬೇಡ, ಊರುಗಳ ಭಕ್ತಿ ಎಷ್ಟೋ ಸಲ ಹೀಗೆಯೇ ಹುಟ್ಟುತ್ತದೆ.

ಆ ಊರಿನಲ್ಲಿ ಒಬ್ಬ ಬಟ್ಟೆ ವ್ಯಾಪಾರಿ ಇದ್ದ. ಒಳ್ಳೆಯ ಮನುಷ್ಯ, ಊರ ಕೆಲಸವೆಂದರೆ ಮುಂದೆ ನಿಲ್ಲುವವನು. ಸ್ಮಾರಕದ ಹೊಣೆಯನ್ನು ಅವನೇ ಹೊತ್ತುಕೊಂಡ. ಪಕ್ಕದ ಊರಿನದಕ್ಕಿಂತ ಒಂದು ಮೊಳ ಉದ್ದದ ಕಲ್ಲು ತರಿಸಿದ. "ಹೆಸರು ಮೇಲಿನಿಂದ ಕೆತ್ತು. ಕೆಳಗೆ ಜಾಗ ಬಿಡು, ಮುಂದೆ ಬೇಕಾಗುತ್ತದೆ" ಎಂದು ಕಲ್ಲುಕುಟಿಗನಿಗೆ ಹೇಳಿದ. ಅವನ ಮನಸ್ಸಿನಲ್ಲಿ ಕೆಟ್ಟದ್ದೇನೂ ಇರಲಿಲ್ಲ. ಮಕ್ಕಳಿಗೆ ಬಟ್ಟೆ ಕೊಳ್ಳಲು ಬಂದವರಿಗೆ ದಿನವೂ ಹೇಳುತ್ತಿದ್ದ ಮಾತೇ ಅದು. ಬೆಳೆಯುವ ಮಕ್ಕಳು, ಕೆಳಗೆ ನಾಲ್ಕು ಬೆರಳು ಮಡಿಕೆ ಬಿಟ್ಟು ಹೊಲಿಸಿ, ಮುಂದೆ ಬೇಕಾಗುತ್ತದೆ ಎನ್ನುತ್ತಿದ್ದ.

ಕೆತ್ತನೆ ಮುಗಿಯಿತು. ನಿಲ್ಲಿಸುವ ದಿನ ಬರುವವರೆಗೆ ಕಲ್ಲನ್ನು ಬಸ್ ನಿಲ್ದಾಣದ ಎದುರಿನ ಬಯಲಿನಲ್ಲಿ ಮಲಗಿಸಿಟ್ಟರು. ಹೋಗಿಬರುವವರೆಲ್ಲ ನೋಡಿ ಹೊಗಳಿದರು. ಸತ್ತವರ ಮನೆಯವರೂ ಒಬ್ಬೊಬ್ಬರಾಗಿ ಬಂದರು.

ಕಟ್ಟಕಡೆಯ ಹೆಸರು ಭರಮಪ್ಪ ಎಂಬವನದು. ಅವನ ತಾಯಿಯೂ ಬಂದಳು. ಅವಳಿಗೆ ಓದಲು ಬಾರದು. ಮಗನ ಹೆಸರು ಯಾವುದೆಂದು ಅಲ್ಲಿದ್ದವರನ್ನು ಕೇಳಿ, ಅದರ ಮೇಲೆ ಬೆರಳಾಡಿಸಿದಳು. ಆಮೇಲೆ ಬೆರಳು ಕೆಳಕ್ಕೆ ಸರಿಯಿತು. ಅಲ್ಲಿ ನುಣ್ಣಗೆ ಉಜ್ಜಿದ ಬರೀ ಕಲ್ಲು.

"ಇದು ಯಾರ ಜಾಗಾರೀ?" ಎಂದು ಕೇಳಿದಳು.

ಹೆಸರು ತೋರಿಸಿದವರು ಮೆಲ್ಲನೆ ಹಿಂದೆ ಸರಿದರು. ಅವಳ ಚಿಕ್ಕ ಮಗನೂ ಸೈನ್ಯದಲ್ಲಿದ್ದ. ಅಣ್ಣ ಸತ್ತ ಗಡಿಯಲ್ಲೇ ಅವನಿಗೂ ಕೆಲಸ. ಇದು ಊರಿಗೆಲ್ಲ ಗೊತ್ತಿದ್ದದ್ದೇ. ಕಲ್ಲು ಕೆತ್ತಿಸುವಾಗ ಮಾತ್ರ ಒಬ್ಬರಿಗೂ ನೆನಪಾಗಿರಲಿಲ್ಲ.

ಅಂದಿನಿಂದ ಆ ತಾಯಿ ಬಯಲಿನ ದಾರಿ ಬಿಟ್ಟಳು. ಸಂತೆಗೆ ಹೋಗಬೇಕಾದರೂ ಕೆರೆ ಸುತ್ತಿಕೊಂಡು ಹೋಗುತ್ತಿದ್ದಳು. ರೊಟ್ಟಿ ತಟ್ಟಲು ಕೂತರೆ ಅಂಗೈಗೆ ಆ ಕಲ್ಲಿನ ನುಣುಪೇ ತಾಗಿದಂತಾಗುತ್ತಿತ್ತು. ಸತ್ತ ಮಗನಿಗಾಗಿ ಅತ್ತು ಮುಗಿದಿರಲಿಲ್ಲ, ಆಗಲೇ ಬದುಕಿರುವ ಮಗನಿಗಾಗಿ ಅಳತೊಡಗಿದಳು. ಒಬ್ಬ ತಾಯಿಗೆ ಇದಕ್ಕಿಂತ ದೊಡ್ಡ ಅನ್ಯಾಯ ಮಾಡಬಹುದೆಂದು ನನಗೆ ತೋರುವುದಿಲ್ಲ. ಮಾಡಿದವರು ಮಾತ್ರ ಎಲ್ಲರೂ ಒಳ್ಳೆಯವರೇ.

ಕಲ್ಲು ನಿಲ್ಲಿಸುವ ಹಿಂದಿನ ದಿನ ಅವಳು ವ್ಯಾಪಾರಿಯ ಅಂಗಡಿಗೆ ಹೋದಳು.

"ಸಾವಕಾರ್ರ, ನನ್ನ ಮಗನ ಹೆಸರು ಆ ಕಲ್ಲಿನ ಮ್ಯಾಲಿಂದ ತಗಿಸಿಬಿಡ್ರಿ" ಎಂದಳು.

ವ್ಯಾಪಾರಿ ಗಾಬರಿಯಾದ. "ಯಾಕವ್ವಾ, ಆ ಕೆಳಗಿನ ಜಾಗದ ಸಲುವಾಗೇನು? ಯುದ್ಧ ಆಗೂದು ಬಿಡೂದು ನಮ್ಮ ಕೈಯಾಗ ಏನೈತಿ? ಮುಂದಿಂದೂ ನೋಡಬೇಕಲ್ಲ. ಹುಡುಗರ ಅಂಗಿ ಅರಿವಿಗೆ ಮಡಿಕಿ ಬಿಡೂದಿಲ್ಲೇನು, ಹಂಗ ಇದು."

"ಯುದ್ಧ ನಿಮ್ಮ ಕೈಯಾಗ ಇಲ್ಲ, ಖರೇ. ಜಾಗಾ ನಿಮ್ಮ ಕೈಯಾಗ ಐತಿ. ನನ್ನ ಎರಡೂ ಹುಡುಗರಿಗೆ ನಿಮ್ಮ ಅಂಗಡಿ ಅರಿವೀನ ಹೊಲಿಸೀನಿ. ನೀವು ಹೇಳಿದಂಗ ಮಡಿಕಿ ಬಿಡಿಸೀನಿ. ಹುಡುಗರು ಬೆಳೀಲಿ ಅಂತ ಬಿಡಿಸಿದ್ದು. ಇಲ್ಲಿ ಏನ ಬೆಳೀಲಿ ಅಂತ ಬಿಟ್ಟೀರಿ?"

ಪಕ್ಕದ ಊರಿನ ಕಲ್ಲು ವ್ಯಾಪಾರಿಯ ಕಣ್ಣ ಮುಂದೆ ಬಂತು. ಅದಕ್ಕಿಂತ ಒಂದು ಮೊಳ ಹೆಚ್ಚು ಉದ್ದ ಎಂದು ತಾನು ಊರೆಲ್ಲ ಹೇಳಿಕೊಂಡು ತಿರುಗಿದ್ದೂ ನೆನಪಾಯಿತು. ಆಮೇಲೆ, ಆ ಇಬ್ಬರು ಹುಡುಗರು ಒಬ್ಬರನ್ನೊಬ್ಬರು ತಳ್ಳಾಡುತ್ತ ತನ್ನ ಅಂಗಡಿ ಕಟ್ಟೆಯ ದರ್ಜಿಗೆ ಅಳತೆ ಕೊಡಲು ನಿಂತಿದ್ದು ನೆನಪಾಯಿತು. "ನಾಳೆ ಬಾರವ್ವಾ" ಎಂದಷ್ಟೇ ಹೇಳಿ ಕಳಿಸಿದ.

ಮರುದಿನ ಊರು ಬಯಲಿನಲ್ಲಿ ಸೇರಿತು. ತಾಯಿ ದೂರದಲ್ಲಿ ನಿಂತಿದ್ದಳು. ಕಲ್ಲುಕುಟಿಗ ಕಲ್ಲು ನಿಲ್ಲುವಷ್ಟು ಆಳದ ಗುಂಡಿ ತೋಡಿಸಿ, ಗಾರೆ ಕಲಸಿಟ್ಟುಕೊಂಡು ಕಾಯುತ್ತಿದ್ದ. ವ್ಯಾಪಾರಿ ಬಂದವನೇ ತೋಳು ಮಡಚಿ ಗುದ್ದಲಿ ಹಿಡಿದು ಗುಂಡಿಗೆ ಇಳಿದ.

"ಹೆಚ್ಚಾದ ಅರಿವಿ ನಾವು ಕತ್ತರಿಸೂದಿಲ್ಲ, ಒಳಗ ಮಡಚತೀವಿ" ಎಂದು ಹೇಳಿ ಅಗೆಯತೊಡಗಿದ.

ಅಗೆದು ರೂಢಿಯಿಲ್ಲದವನು. ನಾಲ್ಕು ಏಟಿಗೇ ಏದುಸಿರು ಬಂತು. ಜನ ಮೊದಲು ನಕ್ಕರು. ಕಲ್ಲು ಗಿಡ್ಡವಾಗುತ್ತದಲ್ಲ ಎಂದು ಯಾರೋ ಗೊಣಗಿದರು. ಅಷ್ಟರಲ್ಲಿ ಕೆಲವರಿಗೆ ದೂರದಲ್ಲಿ ನಿಂತಿದ್ದ ತಾಯಿ ಕಂಡಳು. ಅವರು ಸುಮ್ಮನೆ ಹೋಗಿ ಗುದ್ದಲಿ ತಂದು ಕೈಜೋಡಿಸಿದರು. ಗುಂಡಿ ಎದೆಮಟ್ಟ ಆಯಿತು. ಕಲ್ಲನ್ನು ಇಳಿಸಿದಾಗ ಹೆಸರಿಲ್ಲದ ಭಾಗವೆಲ್ಲ ನೆಲದೊಳಗೆ ಹೋಯಿತು. ಭರಮಪ್ಪನ ಹೆಸರು ನೆಲದಿಂದ ಒಂದು ಬೆರಳು ಮೇಲೆ ಉಳಿಯಿತು.

ಹೀಗೆ ಆ ಊರಿನ ಕಲ್ಲು ಪಕ್ಕದ ಊರಿನದಕ್ಕಿಂತ ಗಿಡ್ಡವಾಯಿತು. ಈಗಲೂ ಗಿಡ್ಡವೇ. ಪಕ್ಕದ ಊರಿನವರು ಇವತ್ತಿಗೂ ಆ ಮಾತೆತ್ತಿ ಕೆಣಕುತ್ತಾರೆ. ತಾಯಿ ಮಾತ್ರ ಮತ್ತೆ ಬಯಲಿನ ದಾರಿಯಲ್ಲೇ ಸಂತೆಗೆ ಹೋಗತೊಡಗಿದಳು. ಕಲ್ಲಿನ ಬಳಿ ಕುಕ್ಕರಗಾಲಿನಲ್ಲಿ ಕೂತು, ಕೂಸಿನ ತಲೆ ಮುಟ್ಟುವಂತೆ ಮಗನ ಹೆಸರನ್ನು ಮುಟ್ಟಿ, ಮನೆಯ ಸುದ್ದಿ ಹೇಳಿ ಏಳುತ್ತಿದ್ದಳು. ತಮ್ಮನಿಗೆ ಹೆಣ್ಣು ನೋಡುತ್ತಿರುವುದನ್ನೂ ಹೇಳಿದಳಂತೆ.

ಕೆಲವು ವರ್ಷ ಕಳೆದು ಚಿಕ್ಕ ಮಗ ಸೇವೆ ಮುಗಿಸಿ ಊರಿಗೆ ಬಂದ. ಕಲ್ಲು ಹೂತದ್ದರಿಂದ ಅವನು ಬದುಕಿದ ಎಂದು ನಾನು ಹೇಳುತ್ತಿಲ್ಲ, ಅಷ್ಟು ದಡ್ಡ ನಾನಲ್ಲ. ಗಡಿಯಲ್ಲಿ ಹಾರುವ ಗುಂಡುಗಳಿಗೆ ನಮ್ಮ ಕಲ್ಲುಗಳ ಸುದ್ದಿ ತಿಳಿದಿರುವುದಿಲ್ಲ. ಅವನು ಬದುಕಿ ಬಂದ, ಅಷ್ಟೇ. ಬಾರದಿದ್ದರೂ ಅವನು ಬದುಕಿದ್ದಷ್ಟು ದಿನ ತಾಯಿ ಅವನನ್ನು ಬದುಕಿರುವವನೆಂದೇ ನೆನೆದಿರುತ್ತಿದ್ದಳು.

ಬಸ್ಸಿಳಿದವನು ನೇರ ಕಲ್ಲಿನ ಬಳಿಗೆ ಹೋಗಿ ಅಣ್ಣನ ಹೆಸರು ಓದಿದ. ಕಣ್ಣೊರೆಸಿಕೊಂಡ. ಸೈನಿಕನಲ್ಲವೇ, ಅವನ ಕಣ್ಣು ತಾನಾಗಿಯೇ ಅದರ ಕೆಳಗೆ ಹುಡುಕಿತು. ಅಲ್ಲಿ ಮಣ್ಣಿತ್ತು, ಒಂದಿಷ್ಟು ಗರಿಕೆ ಚಿಗುರಿತ್ತು. ಎದುರುಗೊಳ್ಳಲು ಬಂದ ತಾಯಿಗೆ ನಗುತ್ತ ಹೇಳಿದ.

"ಯವ್ವಾ, ಇಲ್ಲಿ ನನಗ ಒಂದ ಸಾಲಿನ ಜಾಗಾನೂ ಬಿಟ್ಟಿಲ್ಲಲ್ಲ."

"ನಿನ್ನ ಜಾಗಾ ಒಲಿ ಮುಂದ ಐತಿ" ಎಂದಳು ತಾಯಿ. "ರೊಟ್ಟಿ ಆರತಾವು, ನಡಿ."

ಗುರುಗಳು ಕತೆ ನಿಲ್ಲಿಸಿದರು. ಶಿಷ್ಯನ ಸ್ವಭಾವ ಅಷ್ಟು ಬೇಗ ಬಿಡುವಂಥದ್ದಲ್ಲ.

"ಆದರೆ ಗುರುಗಳೇ, ಆ ಖಾಲಿ ಜಾಗ ನೆಲದೊಳಗೆ ಇನ್ನೂ ಇದೆಯಲ್ಲ? ನಾಳೆ ಯಾರಾದರೂ ಅದು ಬೇಕೆಂದರೆ?"

"ಇದೆಯಪ್ಪ, ಆದರೆ ಬೇಕೆಂದವನು ಊರೆಲ್ಲ ನೋಡುತ್ತಿರುವಾಗ ಆ ಆರು ಹುಡುಗರ ಕಾಲ ಕೆಳಗೆ ಅಗೆಯಬೇಕು."