ಐದು ನಿಮಿಷ ಮುಂದೆ ಹೊರಟ ರೈಲು

ಮಹಾಬಲ ಆಳ್ವರಿಗೆ ಒಂದು ರೈಲು ಬೇಕಿತ್ತು. ನಲವತ್ತು ಬಸ್ಸುಗಳ ಧಣಿ ಅವರು. ತೆಂಕಕೋಡಿಯ ಕಡಲ ದಂಡೆಯಿಂದ ಘಟ್ಟದಬೈಲಿನವರೆಗೆ ಎಲ್ಲಿ ನಿಂತು ಕೈ ಅಡ್ಡ ಹಿಡಿದರೂ ಅವರ ಬಸ್ಸೇ ಬಂದು ನಿಲ್ಲುತ್ತಿತ್ತು. ಆದರೂ ಆ ಎರಡು ಊರುಗಳ ನಡುವೆ ದಿನಕ್ಕೊಮ್ಮೆ ಹೋಗಿ ಬರುವ ಐದು ಡಬ್ಬಿಯ ಪ್ಯಾಸೆಂಜರ್ ರೈಲನ್ನು ಕಂಡಾಗಲೆಲ್ಲ ಅವರ ಹೊಟ್ಟೆ ಉರಿಯುತ್ತಿತ್ತು. ರೈಲಿನ ಮೈಮೇಲೆ ತಮ್ಮ ಹೆಸರು ಬರೆಸಬೇಕು, ಅದೊಂದೇ ಹಟ. ಅದರೊಳಗೆ ಒಂದು ದಿನವಾದರೂ ಟಿಕೆಟ್ ತೆಗೆದು ಕೂತವರಲ್ಲ.

ಆ ರೈಲನ್ನು ಓಡಿಸುವ ಕೆಲಸ ಖಾಸಗಿಯವರಿಗೆ ಕೊಡುತ್ತೇವೆಂದು ರೈಲ್ವೆಯವರು ಟೆಂಡರ್ ಕರೆದರು. ಮೊದಲ ಸಲ ಆಳ್ವರು ಮಖಮಲ್ಲಿನ ಸೀಟು, ಡಬ್ಬಿಗೊಂದು ಟಿವಿ ಎಂದೆಲ್ಲ ಬರೆದು ಅರ್ಜಿ ಹಾಕಿದರು. ಕಕ್ಕಸಿಗೆ ನೀರು ತುಂಬಿಸುವವರು ಯಾರು ಎಂಬುದನ್ನು ಬರೆಯಲಿಲ್ಲ. ಅರ್ಜಿ ವಾಪಸು ಬಂತು. ಗೆದ್ದ ಕಂಪನಿ ಎರಡೇ ವರ್ಷದಲ್ಲಿ ಕೈಚೆಲ್ಲಿತು. ಎರಡನೇ ಸಲ ಆಳ್ವರು ದಿನಕ್ಕೆ ಎಂಟು ರೈಲು ಓಡಿಸುತ್ತೇನೆ ಎಂದರು. ಇರುವುದು ಒಂದೇ ಹಳಿ, ಎದುರು ರೈಲು ಬಂದರೆ ಏನು ಮಾಡುತ್ತೀರಿ ಎಂದು ಕೇಳಿದರೆ, "ನನ್ನ ಡ್ರೈವರುಗಳು ಸೈಡ್ ಕೊಡ್ತಾರೆ" ಎಂದುಬಿಟ್ಟರು! ಆ ಅರ್ಜಿಯೂ ಕಸದ ಬುಟ್ಟಿ ಸೇರಿತು; ಆ ಸಲ ಗೆದ್ದವರೂ ಹೆಚ್ಚು ದಿನ ಓಡಿಸಲಿಲ್ಲ. ಎರಡು ಸಲವೂ ಆಳ್ವರು ಊರೆಲ್ಲ ಕೇಳುವಂತೆ ಕೂಗಾಡಿದರು. ಅಧಿಕಾರಿಗಳನ್ನು ಬೈದರು, ಗೆದ್ದವರನ್ನು ಬೈದರು. ತಮ್ಮ ಅರ್ಜಿಯನ್ನು ಮಾತ್ರ ಇನ್ನೊಮ್ಮೆ ತೆರೆದು ಓದಲಿಲ್ಲ. ಇಂಥವರನ್ನು ಕಂಡರೆ ಕಥೆ ಹೇಳುವ ನನಗೇ ಮೈ ಉರಿಯುತ್ತದೆ.

ಮೂರನೇ ಸಲ ಕಣದಲ್ಲಿ ಉಳಿದವರು ಇಬ್ಬರೇ. ಆಳ್ವರು ಮತ್ತು ನಿವೃತ್ತ ರೈಲು ನೌಕರರ ಒಂದು ಸಂಘ. ಟೆಂಡರ್ ಸಮಿತಿಯ ಅಧ್ಯಕ್ಷೆ ಸುಗಂಧಿ ಎಂಬಾಕೆ ಹೇಳಿದರು: "ಕಾಗದ ನೋಡಿ ಸಾಕಾಯಿತು. ಒಬ್ಬೊಬ್ಬರು ಒಂದೊಂದು ದಿನ ಈ ರೈಲನ್ನು ಓಡಿಸಿ ತೋರಿಸಿ. ಎಲ್ಲಿ ನಿಲ್ಲಬೇಕು, ಯಾವಾಗ ಹೊರಡಬೇಕು ಎಂಬುದೆಲ್ಲ ಆ ದಿನ ನಿಮ್ಮ ಮಾತಿನಂತೆ."

ಸಂಘದವರು ಮೊದಲ ದಿನ ಓಡಿಸಿದರು. ಡಬ್ಬಿ ತೊಳೆದದ್ದು ಬಿಟ್ಟರೆ ಹೊಸತೇನೂ ಇರಲಿಲ್ಲ. ರೈಲು ಘಟ್ಟದಬೈಲು ತಲುಪುವಾಗ ಮೂರು ನಿಮಿಷ ತಡ. ಸುದ್ದಿ ಕೇಳಿ ಆಳ್ವರು ತೊಡೆ ತಟ್ಟಿ ನಕ್ಕರು.

"ನಾಳೆ ನೋಡು ಇನಾಸ್, ಪ್ರತಿ ಸ್ಟೇಷನ್ನಲ್ಲಿ ಐದು ನಿಮಿಷ ಮುಂದೆಯೇ ಗಾಡಿ ಎತ್ತುದು!"

ಇನಾಸ್ ಅವರ ಬಸ್ಸುಗಳ ಟೈಮ್ ಕೀಪರ್. ಮೂವತ್ತು ವರ್ಷ ಬಸ್‌ಸ್ಟ್ಯಾಂಡಿನಲ್ಲಿ ನಿಂತು ಬಸ್ಸು ಹೊರಡಿಸಿದ ಮನುಷ್ಯ. ಆ ಸೀಮೆಯ ಬಸ್ ಲೈನಿನ ಗುಟ್ಟು ಇಬ್ಬರಿಗೂ ಗೊತ್ತು. ಎದುರಾಳಿ ಬಸ್ಸಿಗಿಂತ ಐದು ನಿಮಿಷ ಮುಂದೆ ಹೋದರೆ ದಾರಿಯಲ್ಲಿ ನಿಂತ ಜನರೆಲ್ಲ ನಮಗೆ, ಹಿಂದೆ ಬರುವವನಿಗೆ ಬರೀ ಧೂಳು. ಆಳ್ವರು ನಲವತ್ತು ಬಸ್ಸು ಮಾಡಿದ್ದು ಹಾಗೆಯೇ.

ಇನಾಸ್ ತಲೆ ಕೆರೆದುಕೊಂಡ. "ಧಣಿ, ಬಸ್ಸಿನ ಹಿಂದೆ ಇನ್ನೊಬ್ಬರ ಬಸ್ಸುಂಟು. ಈ ರೈಲಿನ ಹಿಂದೆ ಯಾರಿದ್ದಾರೆ?"

"ನನಗೆ ಲೈನ್ ಕಲಿಸ್ಲಿಕ್ಕೆ ಬರ್ಬೇಡ. ಬಾಯಿ ಮುಚ್ಚಿ ವಿಸಿಲ್ ಊದು."

ಮರುದಿನ ಬೆಳಿಗ್ಗೆ ಇಂಜಿನ್ನಿಗೆ ಸೇವಂತಿಗೆ ಮಾಲೆ, ಬಾಗಿಲಿಗೆ ಮಾವಿನೆಲೆ. ಆಳ್ವರು ಬಿಳಿ ಪಂಚೆ ಉಟ್ಟು ಕೊನೆಯ ಡಬ್ಬಿಯ ಬಾಗಿಲಲ್ಲಿ ನಿಂತರು. ಆರು ಗಂಟೆಯ ರೈಲು ಐದು ಐವತ್ತೈದಕ್ಕೆ ಹೊರಟಿತು. ಟಿಕೆಟಿನ ಸಾಲಿನಲ್ಲಿದ್ದವರು ಬಾಯಿ ಬಿಟ್ಟು ನೋಡುತ್ತ ಉಳಿದರು. ಆಳ್ವರ ಕಣ್ಣು ಗಡಿಯಾರದ ಮೇಲಿತ್ತು.

ಎರಡನೇ ಸ್ಟೇಷನ್ ಹೊಳೆಬಾಗಿಲು. ಮೀನು ಮಾರುವ ಹೆಂಗಸರು ಬುಟ್ಟಿ ಹೊತ್ತು ಹತ್ತುವುದು ಅಲ್ಲಿಯೇ. ರೈಲು ಮತ್ತೆ ಹೊರಟಾಗ ಅವರೆಲ್ಲ ಮೆಟ್ಟಿಲು ಇಳಿದು ಬರುತ್ತಿದ್ದರಷ್ಟೆ. ಮುಂದಿದ್ದವಳು ಬೇಬಿಯಕ್ಕ. ಅರವತ್ತು ದಾಟಿದ ಹೆಂಗಸು, ತಲೆಯ ಮೇಲೆ ಬುಟ್ಟಿ ತುಂಬ ಬಂಗುಡೆ. "ನಿಲ್ಸಿ, ನಿಲ್ಸಿ ಮಾರಾಯ್ರೆ!" ಎಂದು ಕೂಗುತ್ತ ಓಡಿದಳು. ಕಾಲು ಮುಗ್ಗರಿಸಿತು. ಬುಟ್ಟಿ ಉರುಳಿ ಮೀನೆಲ್ಲ ಪ್ಲಾಟ್‌ಫಾರಂ ತುಂಬ ಚೆಲ್ಲಿತು.

ಆಳ್ವರು ಬಾಗಿಲಿನಿಂದ ಕೈ ಬೀಸಿ ಹೇಳಿದರು: "ಹಿಂದೆ ಬರ್ತಾ ಉಂಟು, ಅದರಲ್ಲಿ ಬನ್ನಿ!"

ಬಸ್ಸಿನ ಅಭ್ಯಾಸದ ಮಾತು, ತಾನಾಗಿ ಬಾಯಿಗೆ ಬಂತು. ಹಿಂದೆ ಏನೂ ಬರುತ್ತಿರಲಿಲ್ಲ. ಮುಂದಿನ ರೈಲು ಮರುದಿನ ಬೆಳಿಗ್ಗೆಗೆ.

ಇನಾಸ್ ಮುಖ ತಿರುಗಿಸಿಕೊಂಡ. ಮುಂದಿನ ಸ್ಟೇಷನ್ನುಗಳಲ್ಲೂ ಅದೇ ಕಥೆ. ರೈಲು ಇನ್ನೂ ಬೇಗ, ಜನ ಇನ್ನೂ ಕಡಿಮೆ. ಖಾಲಿ ಬೆಂಚುಗಳನ್ನು ಕಂಡು ಆಳ್ವರಿಗೆ ರೇಗಿಹೋಯಿತು. "ಆ ಸಂಘದವರು ಜನರ ಕಿವಿ ಊದಿದ್ದಾರೆ! ಇದು ಪಿತೂರಿ!" ಎಂದು ಹಲ್ಲು ಕಡಿದರು. ತಾವೇ ಜನರನ್ನು ಬಿಟ್ಟು ಬರುತ್ತಿದ್ದೇವೆಂಬುದು ಆ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ರೈಲು ಇಪ್ಪತ್ತೈದು ನಿಮಿಷ ಮುಂಚಿತವಾಗಿ ಘಟ್ಟದಬೈಲು ಸೇರಿತು. ಇಳಿದವರು ಒಂಬತ್ತು ಜನ. ಕಾಯುತ್ತಿದ್ದ ಸುಗಂಧಿಯವರ ಮುಂದೆ ಆಳ್ವರು ಗಡಿಯಾರ ಹಿಡಿದರು. "ನೋಡಿ ಮೇಡಂ! ಈ ಲೈನ್ ಹುಟ್ಟಿದ ಮೇಲೆ ಇಷ್ಟು ಬೇಗ ಯಾರಾದರೂ ಬಂದದ್ದುಂಟಾ?"

ಸುಗಂಧಿಯವರು ಗಡಿಯಾರ ನೋಡಲಿಲ್ಲ. ರೈಲಿನ ಬಾಗಿಲುಗಳನ್ನು ನೋಡುತ್ತಿದ್ದರು. "ಉಳಿದವರು?"

ಉಳಿದವರು ಒಂದು ಗಂಟೆ ಕಳೆದು ಬಂದರು. ರಸ್ತೆ ಹಿಡಿದು ಬಸ್ಸಿನಲ್ಲಿ ನೇತಾಡಿಕೊಂಡು ಬಂದು, ಬಿಟ್ಟುಹೋದದ್ದೇಕೆಂದು ಕೇಳಲು ನೇರ ಸ್ಟೇಷನ್ನಿಗೇ ಬಂದರು. ಶಾಲೆಯ ಮೇಷ್ಟ್ರು, ಆಸ್ಪತ್ರೆಗೆ ಹೊರಟ ಬಸುರಿ, ಕೂಲಿಯವರು. ಬೇಬಿಯಕ್ಕ ಬರಿಗೈಯಲ್ಲಿ ಬಂದಳು. ಆಳ್ವರ ಬಸ್ಸಿನಲ್ಲಿ ಮೀನಿನ ಬುಟ್ಟಿಗೆ ಜಾಗವಿಲ್ಲ, ಅದು ಧಣಿಯದೇ ಕಟ್ಟಪ್ಪಣೆ. ಮಣ್ಣಾದ ಮೀನನ್ನು ಕಾಗೆಗೆ ಬಿಟ್ಟು, ಹೇಳಬೇಕಾದ್ದನ್ನು ಹೇಳಲೆಂದೇ ಬಂದಿದ್ದಳು.

"ಎಂತ ಧಣಿ, ಹಿಂದೆ ಬರ್ತಾ ಉಂಟು ಹೇಳಿದ್ರಲ್ಲ? ಎಲ್ಲುಂಟು?"

"ನಿಮಗೋಸ್ಕರ ಇಪ್ಪತ್ತೈದು ನಿಮಿಷ ಬೇಗ ತಂದಿದ್ದೇನೆ," ಆಳ್ವರು ಗದರಿದರು. "ಅದು ಕಾಣುದಿಲ್ವಾ ನಿನಗೆ?"

"ಬೇಗ ತಂದ್ರಿ. ಯಾರನ್ನು ತಂದ್ರಿ?" ಬೇಬಿಯಕ್ಕನ ದನಿ ಸ್ಟೇಷನ್ನನ್ನೇ ತುಂಬಿತು. "ನಾಲ್ಕು ಗಂಟೆಗೆ ಎದ್ದು ದೋಣಿ ಕಾದು ತಂದ ಮೀನು. ಇವತ್ತು ನನ್ನ ಮನೆಯಲ್ಲಿ ಒಲೆ ನಿಮ್ಮ ಗಡಿಯಾರ ಹಚ್ಚುತ್ತದಾ?"

ಆಳ್ವರು ಪಂಚೆ ಎತ್ತಿ ಕಟ್ಟಿ ರೈಲು ಹತ್ತಿ ನಿಂತರು. ಹತ್ತು ಗಂಟೆಗೆ ಅದು ತೆಂಕಕೋಡಿಗೆ ಮರಳಬೇಕು. ಪ್ಲಾಟ್‌ಫಾರಂ ತುಂಬ ಆ ಕಡೆ ಹೋಗುವ ಜನ. ಒಬ್ಬರೂ ಹತ್ತಲಿಲ್ಲ.

"ಹತ್ತಿ! ಹೊರಡ್ತದೆ!" ಆಳ್ವರು ಕೂಗಿದರು.

"ನೀವು ಇಳಿದ್ರೆ ನಾವು ಹತ್ತುದು," ಎಂದಳು ಬೇಬಿಯಕ್ಕ.

"ಈ ರೈಲು ಇವತ್ತು ನಂದು!"

"ನಿಮ್ದೇ. ಒಬ್ಬರೇ ಹೋಗಿ."

ಆಳ್ವರ ಮುಖ ಕೆಂಪೇರಿತು. ಇನಾಸ್‌ಗಾಗಿ ತಿರುಗಿ ನೋಡಿದರು. ಅವನು ಆಗಲೇ ಇಳಿದು ಆ ಬಸುರಿಯ ಚೀಲ ಹಿಡಿದು ಜನರ ನಡುವೆ ನಿಂತಿದ್ದ. ಸುಗಂಧಿಯವರು ಮೆಲ್ಲಗೆ ಹೇಳಿದರು: "ಆಳ್ವರೇ, ಸಮಿತಿಗೆ ಇನ್ನು ನೋಡುವುದೇನೂ ಉಳಿದಿಲ್ಲ. ನಾಳೆಯಿಂದ ಸಂಘದವರೇ ಓಡಿಸುತ್ತಾರೆ."

ಹತ್ತಕ್ಕೆ ಎರಡು ನಿಮಿಷವಿರುವಾಗ ಆಳ್ವರು ಇಳಿದರು. ಜನ ಹತ್ತಿದರು, ಊರಲ್ಲಿ ಕೆಲಸವಿದ್ದವರು ತಮ್ಮ ದಾರಿ ಹಿಡಿದರು. ಇನಾಸ್, ಸುಗಂಧಿಯವರು ಕೂಡ ಹತ್ತಿದರು. ಗಾರ್ಡು ಹಸಿರು ಬಾವುಟ ತೋರಿಸಿದ, ರೈಲು ಹೊರಟಿತು. ಆಳ್ವರಿಗೆ ಕೋಪ ತಡೆಯಲಾಗಲಿಲ್ಲ. ಬೈಯಲೆಂದು ಸುತ್ತ ನೋಡಿದರು. ಬೈಸಿಕೊಳ್ಳಲು ಅಲ್ಲಿ ಯಾರೂ ಇರಲಿಲ್ಲ.

ನೀತಿ: ಜನರನ್ನು ಕರೆದೊಯ್ಯುವ ಕೆಲಸಕ್ಕೆ ಕೈ ಹಾಕಿದವನು ಎದುರಾಳಿಯನ್ನಲ್ಲ, ಜನರನ್ನು ನೋಡಬೇಕು. ಯಾರಿಗಾಗಿ ಓಡಬೇಕೋ ಅವರನ್ನೇ ಹಿಂದೆ ಬಿಟ್ಟು ಓಡುವವನು ಎಷ್ಟು ಬೇಗ ತಲುಪಿದರೂ ಸೋತವನೇ. ಆ ಸೋಲಿಗೆ ಊರನ್ನೆಲ್ಲ ಬೈಯುವ ಹಕ್ಕು ಅವನಿಗಿಲ್ಲ.